ಬಿಟ್ಟ ಮೀನಿನ ಲೆಕ್ಕ

ಪ್ಯುಯಾಲಪ್ ನದಿಯ ದಡದಲ್ಲಿ ನನ್ನ ಕೆಲಸ ಮೀನು ಹಿಡಿಯುವುದಲ್ಲ. ಹಿಡಿಯುವವರನ್ನು ಎಣಿಸುವುದು, ಅವರ ಬಳಿ ಹೋಗಿ ಎಷ್ಟು ಹೊತ್ತು ಗಾಳ ಹಾಕಿದಿರಿ, ಎಷ್ಟು ಮೀನು ಇಟ್ಟುಕೊಂಡಿರಿ, ಎಷ್ಟನ್ನು ಮರಳಿ ನೀರಿಗೆ ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳುವುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಮೌಂಟ್ ರೇನಿಯರ್ ಪರ್ವತದ ಹಿಮನದಿಗಳಿಂದ ಇಳಿದು ಟಕೋಮಾ ನಗರದ ಬಂದರಿನ ಪಕ್ಕದಲ್ಲಿ ಕಡಲಿನ ಕೊಲ್ಲಿಯನ್ನು ಸೇರುವ ಈ ನದಿಯ ಉದ್ದ ಸುಮಾರು 70 ಕಿಲೋಮೀಟರ್ ಮಾತ್ರ. ಹಿಮನದಿ ಅರೆದು ಕಳಿಸುವ ಕಲ್ಲಿನ ಹುಡಿಯಿಂದಾಗಿ ಬೇಸಿಗೆಯಲ್ಲೂ ಇದರ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿರುತ್ತದೆ. ಕೆಳಗೆ ಏನು ಈಜುತ್ತಿದೆ ಎಂಬುದು ಯಾರಿಗೂ ಕಾಣುವುದಿಲ್ಲ. ಇಲ್ಲಿನ ಜಗಳಗಳಲ್ಲಿ ಅರ್ಧದಷ್ಟು ಈ ಕಾಣದಿರುವಿಕೆಯಿಂದಲೇ ಹುಟ್ಟಿದವು ಎಂದು ನನಗೆ ಅನೇಕ ಸಲ ಅನಿಸಿದೆ.

ನಾನು ಉಡುಪಿ ಕಡೆಯವಳು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದೆ. ಕೆಲಸದ ವೀಸಾದವರ ಸಂಗಾತಿಗಳಿಗೆ ಕೊಡುವ ಎಚ್-4 ವೀಸಾದವರಲ್ಲಿ ಕೆಲವರಿಗೆ 2015ರಿಂದ ಕೆಲಸದ ಪರವಾನಗಿ ಸಿಗತೊಡಗಿದರೂ ಮಗಳು ಶಾಲೆಗೆ ಸೇರುವ ತನಕ ನಾನು ಹೊರಗೆ ದುಡಿಯಲಿಲ್ಲ. 2021ರಲ್ಲಿ ರಾಜ್ಯದ ಪರವಾಗಿ ನದಿಯಲ್ಲಿ ಲೆಕ್ಕ ತೆಗೆಯುವ ಋತುಮಾನದ ಟೆಕ್ನಿಷಿಯನ್ ಆಗಿ ಸೇರಿಕೊಂಡೆ. ಅದು ಬೆಸ ಇಸವಿ. ಪಿಂಕ್ ಸಾಲ್ಮನ್ ಎಂಬ ಜಾತಿಯ ಆಯುಸ್ಸು ಎರಡೇ ವರ್ಷವಾದ್ದರಿಂದ, ಮತ್ತು ಈ ಭಾಗದ ನದಿಗಳಲ್ಲಿ ಅದು ಬೆಸ ಇಸವಿಗಳಲ್ಲಷ್ಟೇ ಮೊಟ್ಟೆಯಿಡಲು ಕಡಲಿನಿಂದ ದಂಡಿಯಾಗಿ ಏರಿ ಬರುವುದರಿಂದ, ಆ ವರ್ಷಗಳ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ದಡದ ಮೇಲೆ ಜನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಯಾರೋ ಒಬ್ಬರು “ಫಿಶ್ ಆನ್”, ಅಂದರೆ ಮೀನು ಕಚ್ಚಿತು, ಎಂದು ಕೂಗಿದರೆ ಅಕ್ಕಪಕ್ಕದ ಹತ್ತು ಜನ ತಮ್ಮ ದಾರ ಸುತ್ತಿಕೊಂಡು ದಾರಿ ಬಿಡಬೇಕು. ಬಿಡದಿದ್ದರೆ ಹತ್ತು ದಾರಗಳೂ ಒಂದೇ ಗಂಟಾಗುತ್ತವೆ.

ನಮ್ಮ ಎಣಿಕೆಗೆ ಕ್ರೀಲ್ ಸರ್ವೆ ಎಂದು ಹೆಸರು. ಕ್ರೀಲ್ ಎಂದರೆ ಹಿಂದೆ ಗಾಳಗಾರರು ಹೆಗಲಿಗೆ ನೇತುಹಾಕಿಕೊಳ್ಳುತ್ತಿದ್ದ ಮೀನಿನ ಬುಟ್ಟಿ. ಇದರಲ್ಲಿ ಎರಡು ಭಾಗಗಳಿವೆ. ಮೊದಲೇ ಚೀಟಿ ಎತ್ತಿದಂತೆ ಆರಿಸಿದ ಹೊತ್ತಿನಲ್ಲಿ ನದಿಯ ಗೊತ್ತಾದ ಭಾಗಗಳನ್ನು ಹಾದುಹೋಗಿ, ಆ ಕ್ಷಣಕ್ಕೆ ಎಷ್ಟು ಜನ ಗಾಳ ಹಿಡಿದಿದ್ದಾರೆ ಎಂದು ತಲೆ ಎಣಿಸುವುದು ಒಂದು. ಮನೆಗೆ ಹೊರಟವರನ್ನು ನಿಲ್ಲಿಸಿ ಮಾತನಾಡಿಸುವುದು ಇನ್ನೊಂದು. ಮೊದಲನೆಯದರಿಂದ ಒಟ್ಟು ಎಷ್ಟು ಗಂಟೆಗಳ ಶ್ರಮ ಬಿತ್ತು ಎಂಬುದು ತಿಳಿಯುತ್ತದೆ, ಎರಡನೆಯದರಿಂದ ಗಂಟೆಗೆ ಎಷ್ಟು ಮೀನು ಎಂಬುದು ತಿಳಿಯುತ್ತದೆ. ಎರಡನ್ನೂ ಗುಣಿಸಿದರೆ ಹಿಡಿದ ಮೀನಿನ ಅಂದಾಜು ಸಿಗುತ್ತದೆ. ವಾರದ ದಿನಗಳ ಲೆಕ್ಕ ಬೇರೆ, ಶನಿವಾರ ಭಾನುವಾರದ ಲೆಕ್ಕ ಬೇರೆ. ಹೇಳುವುದಕ್ಕೆ ಇಷ್ಟೇ ಆದರೂ, ಗುಣಿಸುವ ಎರಡು ಸಂಖ್ಯೆಗಳಲ್ಲಿ ಒಂದು ತಪ್ಪಿದರೆ ಇನ್ನೊಂದು ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ. ಅದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಮಾತನಾಡಿಸಿದ ಮೇಲೆ ಮೀನನ್ನೂ ನೋಡಬೇಕು. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಸಾಲ್ಮನ್‌ಗೆ ಕಿರುಬೆರಳಿನ ತುದಿಯಷ್ಟು ಮೆತ್ತನೆಯ ಒಂದು ರೆಕ್ಕೆ ಇರುತ್ತದೆ. ಮರಿಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ನದಿಗೆ ಬಿಡುವ ಮುನ್ನ ಅದನ್ನು ಕತ್ತರಿಸಿರುತ್ತಾರೆ. ಆದ್ದರಿಂದ ಆ ರೆಕ್ಕೆ ಇಲ್ಲದ ಮೀನು ಸಾಕಿದ್ದು, ಇರುವ ಮೀನು ಬಹುಮಟ್ಟಿಗೆ ನದಿಯಲ್ಲೇ ಹುಟ್ಟಿದ್ದು. ಗಾಳದವರು ರೆಕ್ಕೆಯಿರುವ ಚಿನೂಕ್ ಸಾಲ್ಮನ್ ಸಿಕ್ಕಿದರೆ ಅದನ್ನು ಮರಳಿ ಬಿಡಬೇಕು. ಇಟ್ಟುಕೊಂಡ ಮೀನಿನ ಮೂತಿಯ ಮೇಲೆ ನಾನು ಒಂದು ಕೋಲಿನಾಕಾರದ ಯಂತ್ರವನ್ನು ಆಡಿಸುತ್ತೇನೆ. ಮರಿಯಾಗಿದ್ದಾಗಲೇ ಒಳಗೆ ಸೇರಿಸಿದ ತಂತಿಯ ಗುರುತಿದ್ದರೆ ಅದು ಕೀಂ ಎನ್ನುತ್ತದೆ. ಆ ತಂತಿಯ ಉದ್ದ 1.1 ಮಿಲಿಮೀಟರ್, ಕೂದಲಿನ ಒಂದು ತುಣುಕಿನಷ್ಟು. ಕೀಂ ಎಂದರೆ ಮಾಲೀಕರ ಅನುಮತಿ ಕೇಳಿ ಮೂತಿಯನ್ನು ಕಣ್ಣಿನ ಹಿಂದಕ್ಕೆ ಕತ್ತರಿಸಿ, ಚೀಟಿಯ ಜತೆ ಚೀಲಕ್ಕೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಯಾವ ಮರಿಕೇಂದ್ರದಿಂದ ಯಾವ ವರ್ಷ ಬಿಟ್ಟ ಮೀನು ಎಂಬುದನ್ನು ತಂತಿಯ ಮೇಲಿನ ಅಂಕಿಗಳು ಹೇಳುತ್ತವೆ. ಮಲ್ಪೆಯಲ್ಲಿ ನನ್ನ ಅಜ್ಜಿ ಮೀನಿನ ಕಿವಿರು ಎತ್ತಿ ನೋಡಿ ಎಷ್ಟು ಹೊತ್ತಿನ ಮೀನೆಂದು ಹೇಳುತ್ತಿದ್ದರು. ನಾನು ಮೂತಿ ಕೊಯ್ದು ಊರು ಕೇಳುತ್ತೇನೆ.

ಇಷ್ಟು ಎಣಿಕೆ ಏಕೆ ಬೇಕು ಎಂಬುದಕ್ಕೆ 1854ರ ಡಿಸೆಂಬರ್ 26ಕ್ಕೆ ಹೋಗಬೇಕಾಗುತ್ತದೆ. ಅಂದು ಮೆಡಿಸಿನ್ ಕ್ರೀಕ್ ಎಂಬಲ್ಲಿ ಪ್ಯುಯಾಲಪ್, ನಿಸ್ಕ್ವಾಲಿ ಮೊದಲಾದ ಮೂಲನಿವಾಸಿ ಜನಾಂಗಗಳು ಅಮೆರಿಕ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಟ್ಟವು. ಮಾತುಕತೆ ನಡೆದದ್ದು ಕೆಲವೇ ನೂರು ಪದಗಳಿದ್ದ ಚಿನೂಕ್ ಜಾರ್ಗನ್ ಎಂಬ ವ್ಯಾಪಾರದ ಭಾಷೆಯಲ್ಲಿ. ಬರೆದದ್ದು ವಕೀಲರ ಇಂಗ್ಲಿಷಿನಲ್ಲಿ. ತಾವು ಹಿಂದಿನಿಂದ ಮೀನು ಹಿಡಿಯುತ್ತ ಬಂದ ಎಲ್ಲ ಜಾಗಗಳಲ್ಲಿ, ಆ ಪ್ರಾಂತದ ಎಲ್ಲ ನಾಗರಿಕರೊಂದಿಗೆ ಸಮಾನವಾಗಿ ಮೀನು ಹಿಡಿಯುವ ಹಕ್ಕು ಅವರಿಗೆ ಭದ್ರವಾಗಿ ಉಳಿಯುತ್ತದೆ ಎಂಬ ಮಾತು ಅದರಲ್ಲಿದೆ.

ಊರಿನಿಂದ ಬಂದ ನೆಂಟರಿಗೆ ಇದನ್ನು ವಿವರಿಸುವಾಗ ನಾನು ಮೊದಮೊದಲು “ರಿಸರ್ವ್ಡ್ ರೈಟ್ಸ್” ಎಂಬುದನ್ನು ಮೀಸಲು ಹಕ್ಕು ಎಂದು ಹೇಳಿಬಿಡುತ್ತಿದ್ದೆ. ಅವರು ಕೂಡಲೇ “ಅಲ್ಲಿಯೂ ರಿಸರ್ವೇಶನ್ ಉಂಟಾ” ಎಂದು ಕೇಳಿ ಕೋಟಾ, ಶೇಕಡಾವಾರು ಎಂದು ಚರ್ಚೆಗೆ ಇಳಿಯುತ್ತಿದ್ದರು. ಇದು ಅದಲ್ಲ. ನಮ್ಮ ಕಡೆ ತೋಟ ಮಾರುವವರು ಕ್ರಯಪತ್ರದಲ್ಲಿ ಬಾವಿಯ ನೀರನ್ನೋ ದೈವಸ್ಥಾನಕ್ಕೆ ಹೋಗುವ ಕಾಲುದಾರಿಯನ್ನೋ ತಮಗೆ ಉಳಿಸಿಕೊಂಡು ಉಳಿದದ್ದನ್ನು ಮಾರುತ್ತಾರಲ್ಲ, ಇದು ಆ ಬಗೆಯದು. ಕೊಂಡವನು ದಯಪಾಲಿಸಿದ್ದಲ್ಲ, ಮಾರಿದವನು ಮಾರದೆ ಇಟ್ಟುಕೊಂಡದ್ದು. ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲೇ ವೈನನ್ಸ್ ಪ್ರಕರಣದಲ್ಲಿ ಇದನ್ನು ಹೇಳಿದೆ: ಒಪ್ಪಂದವೆಂದರೆ ಮೂಲನಿವಾಸಿಗಳಿಗೆ ಹಕ್ಕು ಕೊಟ್ಟದ್ದಲ್ಲ, ಅವರಿಂದ ಹಕ್ಕು ಪಡೆದದ್ದು, ಕೊಡದೆ ಉಳಿದದ್ದು ಅವರದೇ. “ಮುತ್ತಾತಂದಿರು ಹುಟ್ಟುದೋಣಿಯಲ್ಲಿ ಹಿಡಿಯುತ್ತಿದ್ದರು, ಇವರು ಮೋಟಾರು ದೋಣಿ, ನೈಲಾನ್ ಬಲೆ ತರುವುದು ಯಾವ ನ್ಯಾಯ” ಎಂದು ದಡದಲ್ಲಿ ಕೇಳುವವರಿದ್ದಾರೆ. ಬಾವಿಯ ಹಕ್ಕು ಉಳಿಸಿಕೊಂಡವನು ಪಂಪ್‌ಸೆಟ್ ಇಟ್ಟರೆ ಹಕ್ಕು ಹೋಗುತ್ತದೆಯೇ ಎಂದು ನನಗೆ ಮನಸ್ಸಿನಲ್ಲಿ ಬರುತ್ತದೆ. ಆದರೆ ಸಂದರ್ಶನದ ಹೊತ್ತಿನಲ್ಲಿ ನಾನು ವಾದ ಮಾಡುವುದಿಲ್ಲ. ವಾದ ಮಾಡಿದರೆ ಉತ್ತರ ಸಿಗುವುದಿಲ್ಲ.

ಬರೆದಿಟ್ಟ ಹಕ್ಕು ನೂರು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಕಾಗದದಲ್ಲೇ ಇತ್ತು. 1960ರ ದಶಕದಲ್ಲಿ ಬಲೆ ಹಾಕಿ ಬಂಧನಕ್ಕೊಳಗಾಗುವುದೇ ಮೂಲನಿವಾಸಿಗಳ ಸತ್ಯಾಗ್ರಹದ ಕ್ರಮವಾಯಿತು. ಪಕ್ಕದ ನಿಸ್ಕ್ವಾಲಿ ನದಿಯ ಬಿಲ್ಲಿ ಫ್ರಾಂಕ್ ಜೂನಿಯರ್ ಮೊದಲ ಸಲ ಬಂಧಿತರಾದಾಗ ಅವರಿಗೆ 14 ವರ್ಷ. ಮುಂದೆ ಅವರ ಬಂಧನಗಳು ಐವತ್ತನ್ನು ದಾಟಿದವು. ನಟ ಮರ್ಲಾನ್ ಬ್ರಾಂಡೊ 1964ರ ಮಾರ್ಚ್‌ನಲ್ಲಿ ಬೆಂಬಲಕ್ಕೆ ಬಂದು ಬಂಧಿತರಾದದ್ದು ನಾನು ಎಣಿಸುವ ಇದೇ ಪ್ಯುಯಾಲಪ್‌ನಲ್ಲಿ. 1970ರ ಸೆಪ್ಟೆಂಬರ್ 9ರಂದು ಇದೇ ದಡದ ಮೀನುಗಾರರ ಶಿಬಿರದ ಮೇಲೆ ಪೊಲೀಸರು ಅಶ್ರುವಾಯು ಸಿಡಿಸಿ ಸುಮಾರು 60 ಜನರನ್ನು ಹಿಡಿದರು. ಅಲ್ಲಿದ್ದು ಅದನ್ನು ಕಣ್ಣಾರೆ ಕಂಡ ಫೆಡರಲ್ ಸರ್ಕಾರದ ವಕೀಲ ಸ್ಟಾನ್ ಪಿಟ್ಕಿನ್ ಒಂಬತ್ತೇ ದಿನಗಳಲ್ಲಿ ರಾಜ್ಯದ ಮೇಲೆ ದಾವೆ ಹೂಡಿದರು. ಆ ದಾವೆಯ ತೀರ್ಪೇ 1974ರ ಫೆಬ್ರವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟದ್ದು: ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಒಪ್ಪಂದದ ಜನಾಂಗಗಳದು, ನದಿಯ ಆಡಳಿತದಲ್ಲೂ ಅವರು ರಾಜ್ಯಕ್ಕೆ ಸರಿಸಮ. ಸುಪ್ರೀಂ ಕೋರ್ಟ್ 1979ರಲ್ಲಿ ಇದನ್ನು ಎತ್ತಿಹಿಡಿಯಿತು.

“ಅರ್ಧ” ಎಂಬ ಈ ಮಾತನ್ನು ಎಲ್ಲರೂ ಹೇಳುತ್ತಾರೆ, “ಹಿಡಿಯಬಹುದಾದ” ಎಂಬುದನ್ನು ಮಾತ್ರ ಮರೆಯುತ್ತಾರೆ. ಮೊಟ್ಟೆಯಿಡಲು ಮೇಲೆ ಹೋಗಬೇಕಾದ ಮೀನನ್ನು ಮೊದಲು ಕಳೆದು, ಉಳಿದದ್ದರಲ್ಲಿ ಅರ್ಧ. ಒಪ್ಪಂದಕ್ಕೆ ಸೇರದವರ ಅರ್ಧದಲ್ಲಿ ನದಿಯ ಗಾಳದವರೊಬ್ಬರೇ ಇಲ್ಲ. ಸಮುದ್ರದಲ್ಲಿ ದೋಣಿಯಿಂದ ಗಾಳ ಹಾಕುವವರು, ವ್ಯಾಪಾರಕ್ಕೆ ಹಿಡಿಯುವವರು ಎಲ್ಲರೂ ಇದ್ದಾರೆ. ಇಲ್ಲಿ ಹುಟ್ಟಿದ ಚಿನೂಕ್ ಕೆನಡಾದ ಕರಾವಳಿಯುದ್ದಕ್ಕೂ ಮೇಯ್ದು ಬರುತ್ತದೆ, ಅಲ್ಲಿಯೂ ಒಂದಷ್ಟು ಸಿಕ್ಕಿಬೀಳುತ್ತದೆ. ಹೀಗೆ, ನದಿಯ ಬಾಯಿಗೆ ಮೀನು ಬರುವಷ್ಟರಲ್ಲಿ ಗಾಳದವರ ಪಾಲಿನಿಂದ ಸಾಕಷ್ಟು ಖರ್ಚಾಗಿರುತ್ತದೆ. ದಡದಲ್ಲಿ ನಿಂತವನಿಗೆ ಕಾಣುವುದು ಕೆಳಗೆ ಮೂಲನಿವಾಸಿಗಳು ನದಿಯ ಅಡ್ಡಕ್ಕೆ ಹಾಕಿದ ಬಲೆಯ ತೇಲುವ ಬಿರಡೆಗಳ ಸಾಲು ಮಾತ್ರ, ಹಾಗಾಗಿ ಸಿಟ್ಟೆಲ್ಲ ಅದರ ಮೇಲೆ.

ಚಿನೂಕ್‌ನ ವಿಷಯದಲ್ಲಿ ಅರ್ಧದ ಲೆಕ್ಕವೂ ಹಿಂದೆ ಸರಿದು ಇನ್ನೊಂದು ಲೆಕ್ಕ ಮುಂದೆ ಬಂದಿದೆ. ಈ ಪ್ರದೇಶದ ಚಿನೂಕನ್ನು 1999ರಲ್ಲಿ ಫೆಡರಲ್ ಸರ್ಕಾರ ಅಪಾಯದಲ್ಲಿರುವ ಮೀನುಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ, ನದಿಯಲ್ಲಿ ಪಿಂಕ್ ಎಷ್ಟೇ ತುಂಬಿರಲಿ, ಕೊಹೊ ಎಂಬ ಇನ್ನೊಂದು ಸಾಲ್ಮನ್ ಎಷ್ಟೇ ಬರಲಿ, ಅದನ್ನು ಹಿಡಿಯುವ ಭರದಲ್ಲಿ ಎಷ್ಟು ಕಾಡು ಚಿನೂಕ್, ಅಂದರೆ ನದಿಯಲ್ಲೇ ಹುಟ್ಟಿದ ಚಿನೂಕ್, ಸಾಯುತ್ತದೆ ಎಂಬುದೇ ಎಲ್ಲರ ಋತುವನ್ನೂ ನಿರ್ಧರಿಸುತ್ತದೆ. ಬಲೆಯಲ್ಲಿ ಸತ್ತದ್ದು ಸೇರಿಸಿಯೇ ಲೆಕ್ಕ. ಗಾಳದಿಂದ ಬಿಡಿಸಿ ಮರಳಿ ಬಿಟ್ಟದ್ದೂ ಲೆಕ್ಕವೇ. ಬಿಟ್ಟ ಮೀನು ಬಾಲ ಬಡಿದು ಹೋಗುವುದನ್ನು ನೋಡಿದವನಿಗೆ ಅದು ಬದುಕಿತೆಂದೇ ಅನಿಸುತ್ತದೆ. ಆದರೆ ಕಿವಿರಿಗೆ ಕೊಕ್ಕೆ ತಾಗಿದ್ದು, ದಡದ ಕಲ್ಲಿನ ಮೇಲೆ ಹೊರಳಾಡಿದ್ದು, ಫೋಟೋಕ್ಕೆಂದು ಎತ್ತಿ ಹಿಡಿದದ್ದು ಎಲ್ಲವೂ ಮುಂದೆ ಎಲ್ಲೋ ಕಾಣದ ಕಡೆ ಫಲ ಕೊಡುತ್ತದೆ. ಬಿಟ್ಟವುಗಳಲ್ಲಿ ಒಂದು ಪಾಲು ಸತ್ತಿತೆಂದೇ ಯೋಜನೆಯ ಪುಸ್ತಕದಲ್ಲಿ ಬರೆಯುತ್ತಾರೆ. ಗಾಳದವರು ಮತ್ತು ಬಲೆಯವರು ಒಂದೇ ಹುಂಡಿಯಿಂದ ಖರ್ಚು ಮಾಡುತ್ತಿದ್ದಾರೆ. ಒಬ್ಬರ ಖರ್ಚಿಗೆ ಮೀನು ಮಾರಿದ ರಸೀದಿ ಇದೆ, ಇನ್ನೊಬ್ಬರ ಖರ್ಚಿಗೆ ನನ್ನ ನೋಟ್‌ಬುಕ್ ಬಿಟ್ಟರೆ ಬೇರೆ ದಾಖಲೆಯೇ ಇಲ್ಲವೆನ್ನಬಹುದು. ಗಾಳದವರ ಬಳಿ ಕ್ಯಾಚ್ ಕಾರ್ಡ್ ಇರುತ್ತದೆ, ನಿಜ, ಆದರೆ ಅದರಲ್ಲಿ ಬರೆಯಬೇಕಾದದ್ದು ಇಟ್ಟುಕೊಂಡ ಸಾಲ್ಮನ್ ಮಾತ್ರ.

ಇನ್ನು ನನ್ನ ತಪ್ಪು. 2021ರ ಋತುವಿನ ಉದ್ದಕ್ಕೂ ನಾನು ಸಂದರ್ಶನದ ಕೊನೆಯಲ್ಲಿ ಕೇಳುತ್ತಿದ್ದ ಪ್ರಶ್ನೆ, “ಚಿನೂಕ್ ಏನಾದರೂ ಬಿಟ್ಟಿರಾ?” ಎಂಬುದಾಗಿತ್ತು. ಕೋವಿಡ್ ಇನ್ನೂ ಹೋಗಿರಲಿಲ್ಲ. ಮುಖಗವಸು ಹಾಕಿಕೊಂಡು, ನಾಲ್ಕು ಮಾರು ದೂರ ನಿಂತು, ನೀರಿನ ಸದ್ದನ್ನು ಮೀರಿ ಕೂಗಿ ಕೇಳಬೇಕಿತ್ತು. ಹೆಚ್ಚಿನವರು ಇಲ್ಲ ಎಂದು ತಲೆಯಾಡಿಸುತ್ತಿದ್ದರು. ನಾನು ಸೊನ್ನೆ ಬರೆಯುತ್ತಿದ್ದೆ. ಟಕೋಮಾದ ಸುತ್ತ ಕಾಂಬೋಡಿಯಾ, ವಿಯೆಟ್ನಾಂ, ರಷ್ಯಾ, ಉಕ್ರೇನ್ ಮೂಲದ ಕುಟುಂಬಗಳು ಬಹಳಷ್ಟಿವೆ, ಪಿಂಕ್ ಋತುವಿನಲ್ಲಿ ದಡದ ಜನರಲ್ಲಿ ಅವರ ಪಾಲು ಸಣ್ಣದಲ್ಲ. ಸಮವಸ್ತ್ರ ಹಾಕಿದವಳು ಬಂದು ಮೊದಲೇ ಹಿಡಿಯಬಾರದೆಂದಿರುವ ಮೀನಿನ ಹೆಸರು ಹೇಳಿ ಕೇಳಿದರೆ, ಭಾಷೆ ಅರ್ಧಂಬರ್ಧ ಬರುವ ಯಾರಾದರೂ ಇಲ್ಲವೆಂದೇ ಹೇಳುತ್ತಾರೆ. ನಾನೇ ಆಗಿದ್ದರೂ ಹಾಗೆಯೇ ಹೇಳುತ್ತಿದ್ದೆ. ಇದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಋತು ಮುಗಿದ ಮೇಲೆ ಎರಡೂ ಕಡೆಯವರು, ಅಂದರೆ ರಾಜ್ಯದವರೂ ಒಪ್ಪಂದದ ಬುಡಕಟ್ಟಿನವರೂ, ಕೂತು ಸಂಖ್ಯೆಗಳನ್ನು ತಾಳೆ ನೋಡುವ ಸಭೆಯಲ್ಲಿ ಬುಡಕಟ್ಟಿನ ಪರವಾದ ಜೀವಶಾಸ್ತ್ರಜ್ಞೆಯೊಬ್ಬರು ನನ್ನ ಹಾಳೆಯನ್ನು ಮುಂದಿಟ್ಟುಕೊಂಡು ಕೇಳಿದ್ದು ಒಂದೇ ಮಾತು: ಅದೇ ವಾರ, ಅದೇ ನೀರಿನಲ್ಲಿ, ನಮ್ಮ ಬಲೆಗೆ ಪಿಂಕ್ ಜತೆ ಇಷ್ಟು ಚಿನೂಕ್ ಬಿದ್ದಿದೆ, ನಿಮ್ಮ ಗಾಳಕ್ಕೆ ಮಾತ್ರ ಒಂದೂ ಕಚ್ಚಲಿಲ್ಲ ಎನ್ನುವುದು ಹೇಗೆ? ಬಲೆಯ ಕಣ್ಣಿಗೂ ಗಾಳಕ್ಕೂ ಮೀನು ಬೀಳುವ ರೀತಿ ಬೇರೆ ಎಂದು ನಮ್ಮ ಕಡೆಯವರು ಏನೋ ಸಮಜಾಯಿಷಿ ಹೇಳಿದರು. ಅದು ಸುಳ್ಳಲ್ಲ, ಆದರೆ ಆ ವ್ಯತ್ಯಾಸಕ್ಕೆ ಅಷ್ಟೇ ಸಾಲದು ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಎದ್ದು, ನಾನು ಪ್ರಶ್ನೆ ಕೇಳಿದ ರೀತಿಯನ್ನು ಇದ್ದಹಾಗೆ ಹೇಳಿದೆ. ಕೆಲಸ ಹೋಗಬಹುದೆಂಬ ಭಯವಿತ್ತು. ಹೋಗಲಿಲ್ಲ.

ಇಂಥ ಸಭೆಗಳು ಮುರಿದರೆ ಏನಾಗುತ್ತದೆ ಎಂಬುದನ್ನು ಹಿಂದೊಮ್ಮೆ ಎಲ್ಲರೂ ನೋಡಿದ್ದರು. ಪ್ರತಿ ವರ್ಷ ಮಾರ್ಚ್, ಏಪ್ರಿಲ್‌ನಲ್ಲಿ ನಾರ್ತ್ ಆಫ್ ಫಾಲ್ಕನ್ ಎಂಬ ಮಾತುಕತೆಯಲ್ಲಿ ರಾಜ್ಯವೂ ಪಶ್ಚಿಮ ವಾಷಿಂಗ್ಟನ್ನಿನ 20 ಒಪ್ಪಂದದ ಜನಾಂಗಗಳೂ ಸೇರಿ ಮುಂದಿನ ಋತುವಿನ ದಿನಗಳನ್ನು ನಿಗದಿಮಾಡುತ್ತವೆ. ಫಾಲ್ಕನ್ ಎಂಬುದು ನಮ್ಮ ದಕ್ಷಿಣಕ್ಕಿರುವ ಒರೆಗಾನ್ ರಾಜ್ಯದ ಕರಾವಳಿಯ ಒಂದು ಭೂಶಿರ. 2016ರಲ್ಲಿ ಆ ಮಾತುಕತೆ ಏಪ್ರಿಲ್‌ನೊಳಗೆ ಒಂದು ನೆಲೆಗೆ ಬರಲಿಲ್ಲ. ಎರಡೂ ಕಡೆಯವರು ಒಟ್ಟಾಗಿ ಒಪ್ಪಿದ ಯೋಜನೆಯಿಲ್ಲದೆ, ಅಪಾಯದಲ್ಲಿರುವ ಮೀನುಗಳ ಕಾನೂನಿನಡಿ ರಾಜ್ಯಕ್ಕೆ ಅನುಮತಿಯ ಆಸರೆ ಇಲ್ಲದ್ದರಿಂದ, ಮೇ ತಿಂಗಳ ಮೊದಲ ದಿನದಿಂದ ಪ್ಯೂಜೆಟ್ ಸೌಂಡ್ ಎಂಬ ಇಲ್ಲಿನ ಒಳಗಡಲಿನ ಗಾಳದ ಮೀನುಗಾರಿಕೆ ನಿಂತುಹೋಯಿತು. ಒಪ್ಪಂದ ಆದದ್ದು ಮೇ ಕೊನೆಯಲ್ಲಿ. ಆಗ ನಾನು ಗೃಹಿಣಿ. ಪಕ್ಕದ ಮನೆಯವರ ದೋಣಿ ಅಂಗಳದಲ್ಲೇ ಹೊದಿಕೆ ಹೊದ್ದು ನಿಂತದ್ದು ನೆನಪಿದೆ.

2023ರ ಪಿಂಕ್ ಋತುವಿಗೆ ನಾವು ಬೇರೆ ರೀತಿಯಲ್ಲಿ ಇಳಿದೆವು. ಋತುವಿನ ಕೆಲವು ದಿನ ಬುಡಕಟ್ಟಿನ ಮೀನುಗಾರಿಕಾ ವಿಭಾಗದ ಟೆಕ್ನಿಷಿಯನ್ ಒಬ್ಬರು ಮತ್ತು ನಾನು ಜೋಡಿಯಾಗಿ ಒಂದೇ ದಡದಲ್ಲಿ ಓಡಾಡಿ, ಒಂದೇ ಸಂದರ್ಶನವನ್ನು ಇಬ್ಬರೂ ಪ್ರತ್ಯೇಕ ಹಾಳೆಯಲ್ಲಿ ಬರೆದು ಸಂಜೆ ತಾಳೆ ನೋಡುವುದು ಎಂದಾಯಿತು. ಪ್ರಶ್ನೆಯ ಕ್ರಮ ಬದಲಿಸಿದೆವು. ಮೊದಲು ಎಷ್ಟು ಹೊತ್ತಿಗೆ ಬಂದಿರಿ, ಆಮೇಲೆ ಒಟ್ಟು ಎಷ್ಟು ಮೀನು ಕಚ್ಚಿದವು, ಅದಾದ ಮೇಲೆ ಎಷ್ಟು ಬಿಟ್ಟಿರಿ. ಜಾತಿಯ ಹೆಸರು ನಮ್ಮ ಬಾಯಿಂದ ಬರಲೇಬಾರದು. ಹೆಸರಿನ ಬದಲು ಚಿತ್ರವಿರುವ ಒಂದು ಕಾರ್ಡ್ ತೋರಿಸುತ್ತಿದ್ದೆವು. ಪಿಂಕ್‌ನ ಬಾಲದಲ್ಲಿ ದೊಡ್ಡ ಮೊಟ್ಟೆಯಾಕಾರದ ಚುಕ್ಕೆ, ಹುರುಪೆ ಸಣ್ಣ. ಕೊಹೊದ ಒಸಡು ಬಿಳಿ. ಚಿನೂಕ್‌ನ ಬಾಯಿಯೊಳಗೆಲ್ಲ ಕಪ್ಪು, ಬಾಲದ ಎರಡೂ ಸೀಳುಗಳಲ್ಲಿ ಚುಕ್ಕೆ.

ಮೊದಲ ದಿನವೇ ತಿಳಿದದ್ದೇನೆಂದರೆ, ಹೆದರಿ ಇಲ್ಲವೆಂದವರಿಗಿಂತ ಹೆಸರು ತಿಳಿಯದೆ ಇಲ್ಲವೆಂದವರೇ ಹೆಚ್ಚು. ಚಿನೂಕ್ ಎಂದರೆ ಕೆಲವರಿಗೆ ಗೊತ್ತೇ ಇಲ್ಲ, ಅವರಿಗೆ ಅದು ಕಿಂಗ್. ಕಿಂಗ್ ಎಂದರೆ ಇನ್ನು ಕೆಲವರಿಗೆ ತೋಳಿನುದ್ದದ ದಪ್ಪನೆಯ ಮೀನು ಮಾತ್ರ. ಅದೇ ಜಾತಿಯ ಬೇಗ ಬಲಿತು ಬಂದ ಸಣ್ಣ ಗಂಡನ್ನು ಅವರು ಮತ್ತೊಂದು ಪಿಂಕ್ ಎಂದುಕೊಂಡು ಬಿಟ್ಟಿರುತ್ತಾರೆ. ರಷ್ಯನ್ ಮಾತನಾಡುವ ಒಬ್ಬ ಅಜ್ಜ ಕಾರ್ಡ್ ನೋಡಿಯೂ ಗೊಂದಲದಲ್ಲಿದ್ದಾಗ, ಕಾಲೇಜಿನಲ್ಲಿ ಪರೀಕ್ಷೆಗೆಂದು ಉರುಹೊಡೆದ ವೈಜ್ಞಾನಿಕ ಹೆಸರು ನನ್ನ ಬಾಯಿಗೆ ಬಂತು: ಆಂಕೊರಿಂಕಸ್ ಚಾವಿಚಾ. ಅವರು ಹುಬ್ಬೇರಿಸಿ, “ಚಾವಿಚಾ! ಹೌದು, ಬೆಳಗ್ಗೆ ಎರಡು ಬಿಟ್ಟೆ. ಉಳಿದದ್ದೆಲ್ಲ ಗೋರ್ಬುಷಾ” ಎಂದರು. ಪಿಂಕ್‌ನ ವೈಜ್ಞಾನಿಕ ಹೆಸರು ಗೋರ್ಬುಷಾ. ಈ ಹೆಸರುಗಳೆಲ್ಲ ರಷ್ಯಾದ ಪೂರ್ವತುದಿಯ ಜನರ ಬಾಯಿಂದಲೇ ಲ್ಯಾಟಿನ್ನಿಗೆ ಹೋದವು ಎಂದು ಮೇಷ್ಟ್ರು ಹೇಳಿದ್ದು ಹದಿನೈದು ವರ್ಷಗಳ ನಂತರ ಪ್ರಯೋಜನಕ್ಕೆ ಬಂತು. ಜತೆಗಿದ್ದ ಟೆಕ್ನಿಷಿಯನ್ ತಮ್ಮ ಲುಶೂಟ್‌ಸೀಡ್ ಭಾಷೆಯಲ್ಲಿ ಚಿನೂಕ್‌ಗೆ ಯೂಬಚ್ ಎನ್ನುತ್ತಾರೆಂದು ಹೇಳಿ, ಮೂರೂ ಹೆಸರುಗಳನ್ನು ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದರು.

ಜೋಡಿಯಾಗಿ ಬರೆದ ದಿನಗಳಲ್ಲಿ ಬಿಟ್ಟ ಚಿನೂಕ್‌ನ ಸಂಖ್ಯೆ, ಎರಡು ವರ್ಷದ ಹಿಂದೆ ನಾನು ಒಬ್ಬಳೇ ಬರೆದದ್ದರ ಹತ್ತಿರಕ್ಕೂ ಇರಲಿಲ್ಲ. ಅದು ಬಲೆಯವರ ಲೆಕ್ಕಕ್ಕೆ ಒಪ್ಪುವಷ್ಟಿತ್ತು. ಸರಿಯಾದ ಎಣಿಕೆಯಿಂದ ಗಾಳದವರಿಗೆ ಲಾಭವೇನೂ ಆಗುವುದಿಲ್ಲ. ಖರ್ಚು ಹೆಚ್ಚು ಕಂಡರೆ ಹುಂಡಿ ಬೇಗ ಖಾಲಿಯಾಗುತ್ತದೆ, ಉಳಿದ ದಿನಗಳು ಕಡಿಮೆಯಾಗುತ್ತವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗಾದರೂ ನಾನು ಇದನ್ನೇ ಬಯಸುತ್ತೇನೆ, ಏಕೆಂದರೆ ಎದುರಿನವರು ನಂಬದ ಸಂಖ್ಯೆಯನ್ನು ಹಿಡಿದು ಏಪ್ರಿಲ್‌ನ ಸಭೆಗೆ ಹೋದವರಿಗೆ ಅಲ್ಲಿ ಯಾವ ದಿನವೂ ಸಿಗುವುದಿಲ್ಲ.

ದಿನಗಳ ಹಂಚಿಕೆಯೇ ಇಲ್ಲಿನ ದಿನನಿತ್ಯದ ಸಮತೋಲನ. ಒಂದೇ ನೀರಿನಲ್ಲಿ ಒಂದೇ ಹೊತ್ತಿಗೆ ಬಲೆಯೂ ಗಾಳವೂ ಇದ್ದರೆ ದಾರ ಬಲೆಗೆ ಸಿಕ್ಕಿ, ಸೀಸದ ಗುಂಡು ದೋಣಿಗೆ ಬಡಿದು, ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕಾಗಿ ಋತುವಿನ ಕೆಲವು ವಾರಗಳಲ್ಲಿ ಭಾನುವಾರ, ಸೋಮವಾರ, ಮಂಗಳವಾರದಂಥ ದಿನಗಳನ್ನು ಗಾಳದವರಿಗೆ ಮುಚ್ಚಿ, ಬಲೆಯವರು ಆ ನಡುವೆ ಗೊತ್ತಾದ ಗಂಟೆಗಳಷ್ಟು ನೀರಿಗಿಳಿಯುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯದೆ ನಾಡದೋಣಿಯವರಿಗೆ ಜಾಗ ಸಿಗುವುದನ್ನು ನೋಡಿ ಬೆಳೆದ ನನಗೆ ಈ ಏರ್ಪಾಡು ಹೊಸದೆನಿಸಲಿಲ್ಲ. ನಮ್ಮಲ್ಲಿ ದೊಡ್ಡ ಸುತ್ತುಬಲೆಯ ಪರ್ಸಿನ್ ಬೋಟುಗಳು ಬಂದ ಕಾಲಕ್ಕೆ, ದಡದಿಂದ ಕೈಯಲ್ಲೇ ಬಲೆ ಎಳೆಯುತ್ತಿದ್ದ ರಂಪಣಿಯವರಿಗೆ ಇಂಥ ದಿನಗಳನ್ನು ಯಾರಾದರೂ ಎತ್ತಿಟ್ಟಿದ್ದರೆ ಎಂದು ಮಾತ್ರ ಅನಿಸುತ್ತದೆ. ನನ್ನ ಅಜ್ಜನ ರಂಪಣಿ ಬಲೆ ಅಟ್ಟದ ಮೇಲೆ ಕೊಳೆತದ್ದನ್ನು ನಾನು ನೋಡಿದ್ದೇನೆ.

“ಬಲೆಯವರನ್ನೂ ಹೀಗೇ ಎಣಿಸುತ್ತೀರಾ?” ಎಂದು ವಾರಕ್ಕೆ ಹತ್ತು ಜನರಾದರೂ ಕೇಳುತ್ತಾರೆ. ಕೇಳುವ ಧಾಟಿಯಲ್ಲೇ ಉತ್ತರ ಇಲ್ಲವೆಂದು ಅವರು ನಿರ್ಧರಿಸಿರುವುದು ಗೊತ್ತಾಗುತ್ತದೆ. ಒಂದು ಮಂಗಳವಾರ ನಾನು ನನ್ನ ಜೋಡಿಯ ಜತೆ ಅವರ ದೋಣಿಗಳು ದಡಕ್ಕೆ ಬರುವಲ್ಲಿಗೆ ಹೋದೆ. ಪ್ರತಿ ದೋಣಿಯ ಮೀನೂ ಜಾತಿವಾರು ಎಣಿಕೆಯಾಗಿ, ತೂಕವಾಗಿ, ಕೊಳ್ಳುವವರ ಸಹಿಯೊಂದಿಗೆ ಚೀಟಿಗೆ ಏರುತ್ತಿತ್ತು. ಮನೆಗೆ, ಹಿರಿಯರಿಗೆ, ಸಮಾರಂಭಕ್ಕೆಂದು ತೆಗೆದಿಟ್ಟದ್ದಕ್ಕೂ ಬೇರೆ ಲೆಕ್ಕವಿತ್ತು. ನನ್ನ ಯಂತ್ರದ ಕೋಲು ಅಲ್ಲಿಯೂ ಕೀಂ ಎಂದಿತು. ದಡದ ನನ್ನ ಅಂದಾಜಿಗಿಂತ ಇದು ನಿಖರವಾದದ್ದೆಂದು ಒಪ್ಪಲೇಬೇಕು.

ಅಲ್ಲಿ ಮೀನು ಸೀಳುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು ಎಲ್ಲರೂ ಆಂಟಿ ಎಂದೇ ಕರೆಯುತ್ತಿದ್ದರು, ರಕ್ತಸಂಬಂಧ ಇರಲಿ ಇಲ್ಲದಿರಲಿ. ಅಷ್ಟು ವರ್ಷ ಎಲ್ಲರನ್ನೂ ಬರಿಯ ಹೆಸರು ಹಿಡಿದು ಕರೆಯುವ ನಾಡಿನಲ್ಲಿದ್ದ ನನಗೆ ಆ ಒಂದು ಪದದಿಂದ ನಾಲಗೆ ಸಡಿಲವಾಯಿತು. ನಾನೂ ಆಂಟಿ ಎಂದೆ. ಋತುವಿನ ಮೊದಲ ಸಾಲ್ಮನ್ನನ್ನು ಎಲ್ಲರೂ ಹಂಚಿಕೊಂಡು ತಿಂದು, ಅದರ ಮೂಳೆಗಳನ್ನು ಮರಳಿ ನದಿಗೆ ಒಪ್ಪಿಸುವ ವಿಧಿಯ ಬಗ್ಗೆ ಅವರು ಹೇಳುತ್ತ ಹೋದರು. ಹೊರಡುವಾಗ ಒಂದು ಪಿಂಕ್ ಕೊಟ್ಟರು. ಪಿಂಕ್‌ನ ಮಾಂಸ ಮೆತ್ತಗೆ, ಗಸಿಗೆ ಹಾಕಿದರೆ ಕರಗಿಹೋಗುತ್ತದೆ. ಬಂಗುಡೆಗೆ ಮಾಡುವ ಪುಳಿಮುಂಚಿ ಮಸಾಲೆಯನ್ನು ಗಟ್ಟಿಯಾಗಿ ಹಚ್ಚಿ ಕಾವಲಿಯ ಮೇಲೆ ಹುರಿದರೆ ಮಾತ್ರ ನಿಲ್ಲುತ್ತದೆ ಎಂಬುದು ಆ ರಾತ್ರಿಯ ಸಂಶೋಧನೆ.

ಎಲ್ಲ ದಡಗಳೂ ಇಷ್ಟು ನಯವಾಗಿಲ್ಲ. ಬಾಯಿಯೊಳಗಲ್ಲದೆ ಹೊಟ್ಟೆಗೋ ಬಾಲಕ್ಕೋ ಕೊಕ್ಕೆ ಸಿಕ್ಕಿಸಿ ಎಳೆದ ಮೀನನ್ನು ಬಿಡಬೇಕೆಂಬುದು ನಿಯಮ. ಮೀನು ದಟ್ಟವಾಗಿರುವ ಪಿಂಕ್ ಋತುವಿನಲ್ಲಿ ಬೇಕೆಂದೇ ಹೀಗೆ ಎಳೆಯುವವರಿದ್ದಾರೆ, ಮತ್ತು ಕಾಡು ಚಿನೂಕ್ ಹೆಚ್ಚು ಗಾಯಗೊಳ್ಳುವುದು ಅಲ್ಲಿಯೇ. ಹಿಡಿದುಕೊಡುವುದು ನನ್ನ ಕೆಲಸವಲ್ಲ, ನಾನು ಎಣಿಸುವವಳು. ಪೊಲೀಸಿನವಳೆಂಬ ಗುಮಾನಿ ಒಮ್ಮೆ ಬಂದರೆ ಇಡೀ ದಡ ಬಾಯಿ ಮುಚ್ಚುತ್ತದೆ. ಆದರೂ ಬೆನ್ನಿಗೆ ಕೊಕ್ಕೆ ಸಿಕ್ಕಿದ ಹೆಣ್ಣು ಚಿನೂಕ್ ಒಂದನ್ನು ಕಲ್ಲಿನ ಮೇಲೆ ಒದ್ದು ನೀರಿಗೆ ತಳ್ಳಿದವನ ಮುಂದೆ ಶಾಂತವಾಗಿ ನಿಂತು “ಬಿಟ್ಟದ್ದು, ಒಂದು” ಎಂದು ಬರೆದ ದಿನ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಹಂಚಿಕೊಳ್ಳುವುದಕ್ಕೆ ಮೀನೇ ಉಳಿಯಬೇಕಾದರೆ ನದಿಯ ಮೇಲ್ಭಾಗದ ಕೆಲಸವೇ ಮುಖ್ಯ ಎಂಬಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ಉಪನದಿಯಾದ ವೈಟ್ ನದಿಯಲ್ಲಿ ಅಣೆಕಟ್ಟನ್ನು ದಾಟಲಾಗದ ಸಾಲ್ಮನ್ನನ್ನು ಬಕ್ಲಿ ಎಂಬಲ್ಲಿ ಹಿಡಿದು ಲಾರಿಯಲ್ಲಿ ಮೇಲಕ್ಕೆ ಒಯ್ಯುತ್ತಾರೆ. ಹಳೆಯ ಏರ್ಪಾಡು ಪಿಂಕ್ ವರ್ಷಗಳಲ್ಲಿ ತುಂಬಿ ತುಳುಕಿ, ಚಿನೂಕ್‌ಗಳು ಆ ನೂಕುನುಗ್ಗಲಿನಲ್ಲಿ ಕೆಳಗೇ ಉಳಿಯುತ್ತಿದ್ದವು. 2020ರ ಡಿಸೆಂಬರ್‌ನಲ್ಲಿ ಕೆಲಸ ಶುರುಮಾಡಿದ ಹೊಸದು ದಿನಕ್ಕೆ 60,000 ಮೀನುಗಳನ್ನು ಸಾಗಿಸಬಲ್ಲುದು. ದಡದ ಜಗಳಗಳಲ್ಲಿ ಇದರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

2023ರ ಋತುವಿನ ಕೊನೆಯ ಶನಿವಾರ, ಪ್ರತಿ ವಾರ ತಪ್ಪದೆ ಬಲೆಯ ಪ್ರಶ್ನೆ ಕೇಳುತ್ತಿದ್ದ ಗಾಳಗಾರರೊಬ್ಬರು ನಾನು ಹತ್ತಿರ ಹೋಗುವ ಮೊದಲೇ ಕೈಬೀಸಿ ಕರೆದರು. ಏಳೂವರೆಗೆ ಬಂದದ್ದು, ಪಿಂಕ್ ನಾಲ್ಕು, ಕಿಂಗ್ ಒಂದು, ರೆಕ್ಕೆಯಿತ್ತು, ನೀರಿನಿಂದ ಮೇಲೆತ್ತದೆ ಇಕ್ಕಳದಲ್ಲಿ ಕೊಕ್ಕೆ ತಿರುಗಿಸಿ ಬಿಟ್ಟೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ನಾನು ಬರೆದುಕೊಂಡೆ. ಪೆನ್ನು ಮುಚ್ಚುವಾಗ ಅವರು, “ಬರೆದುಕೊಳ್ಳಿ ಅಮ್ಮ, ಆದರೆ ನೆನಪಿರಲಿ, ಮಂಗಳವಾರ ನನ್ನ ನದಿ ಮುಚ್ಚುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ” ಎಂದರು. ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ. ಬದಿಯ ಖಾಲಿ ಜಾಗದಲ್ಲಿ ಸಮಯದ ಜತೆ ಅದನ್ನೂ ಗುರುತು ಹಾಕಿಕೊಂಡು ಮುಂದಿನವರ ಕಡೆ ನಡೆದೆ.